ಕೈಗುಣ ಮತ್ತು ಹೆಬ್ಬೆರಳು

"ಆ ಡಾಕ್ಟ್ರ ಕೈಗುಣ ಛಲೋ ಐತ್ರಿ." ಕುಷ್ಟಗಿ ಕಡೆ ಯಾವ ಆಸ್ಪತ್ರೆಯ ಕಟ್ಟೆ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಹಿಂದೆ ಸೂಲಗಿತ್ತಿಯರ ಬಗ್ಗೆಯೂ ಹೀಗೇ ಹೇಳುತ್ತಿದ್ದರು. ಇವಳು ಹಿಡಿದ ಕೂಸು ಗಟ್ಟಿ, ಅವಳು ಮುಟ್ಟಿದ ಬಾಣಂತಿಗೆ ನಂಜೇರುತ್ತದೆ ಅಂತ. ಈ ಮಾತನ್ನು ಬರೀ ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೈಗೆ ನಿಜಕ್ಕೂ ಗುಣ ಇದೆ. ಅದನ್ನು ಲೆಕ್ಕ ಹಾಕಿ ತೋರಿಸಿದವರೂ ಇದ್ದಾರೆ. ನನಗೆ ಸಿಟ್ಟು ಬರುವುದು ಅದು ಹುಟ್ಟಿನಿಂದಲೇ ಬರುತ್ತದೆ ಅಂದಾಗ. ಕೈಗುಣವನ್ನು ಪ್ರತಿ ರೋಗಿಯ ಮಂಚದ ಹತ್ತಿರ ಹೊಸದಾಗಿ ಗಳಿಸಬೇಕು. ಅದಕ್ಕೆ ಬೇಕಾಗುವುದು ಕೈ ಸ್ವಚ್ಛ ಮಾಡಿಕೊಳ್ಳುವ ಅರ್ಧ, ಒಂದು ನಿಮಿಷ.

ಲೆಕ್ಕ ಹಾಕಿದ ಕತೆ ಆಸ್ಟ್ರಿಯಾದ ವಿಯೆನ್ನಾದ್ದು. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಡಾಕ್ಟರುಗಳ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಜಾಸ್ತಿ ಬಾಣಂತಿಯರು ತೀರಿಕೊಂಡರು. ಸೂಲಗಿತ್ತಿಯರ ವಿಭಾಗದಲ್ಲಿ ಆ ಸಂಖ್ಯೆ 3ಕ್ಕಿಂತ ಕಡಿಮೆ. ಊರಿನ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೊದಲನೇ ವಿಭಾಗಕ್ಕೆ ಮಾತ್ರ ಹಾಕಬೇಡಿ ಅಂತ ಕೈಮುಗಿದು ಅಳುತ್ತಿದ್ದರು.

ಕಾರಣ ಏನು? ಕೆಟ್ಟ ಗಾಳಿ ಅಂದರು. ಸಾಯುವವರಿಗೆ ಕೊನೆಯ ಪ್ರಾರ್ಥನೆ ಮಾಡಲು ಪಾದ್ರಿ ಗಂಟೆಯ ಸದ್ದಿನೊಂದಿಗೆ ಆ ವಿಭಾಗದ ನಡುವೆಯೇ ಹಾದು ಹೋಗುತ್ತಾರೆ, ಆ ಭಯಕ್ಕೇ ಬಾಣಂತಿಯರು ಸಾಯುತ್ತಾರೆ ಅನ್ನುವ ಮಾತೂ ಇತ್ತು. ನಮ್ಮಲ್ಲಿ ಗಾಳಿ ಸೋಕಿತು, ದೃಷ್ಟಿ ತಾಗಿತು ಅನ್ನುವುದಿಲ್ಲವೇ, ಹಾಗೆಯೇ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ಡಾಕ್ಟರು ಇದನ್ನೂ ಬಿಡದೆ ಪರೀಕ್ಷೆ ಮಾಡಿದರು. ಗಂಟೆ ಬೇಡ, ಬೇರೆ ದಾರಿಯಲ್ಲಿ ಬನ್ನಿ ಅಂತ ಪಾದ್ರಿಯನ್ನು ಕೇಳಿಕೊಂಡರು. ಸಾವು ಕಡಿಮೆಯಾಗಲಿಲ್ಲ. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ನಂಬಿಕೆಯನ್ನು ಬೈಯಲಿಲ್ಲ, ಪರೀಕ್ಷೆಗೆ ಒಡ್ಡಿದರು.

1847ರಲ್ಲಿ ಅವರ ಗೆಳೆಯ ಕೊಲೆಚ್ಕಾ ತೀರಿಕೊಂಡರು. ಹೆಣ ಕೊಯ್ಯುವಾಗ ವಿದ್ಯಾರ್ಥಿಯೊಬ್ಬನ ಚಾಕು ತಾಗಿ ಆದ ಗಾಯವೇ ಸಾವಿಗೆ ಕಾರಣ. ಬಾಣಂತಿಯರ ದೇಹದಲ್ಲಿ ಕಂಡ ಲಕ್ಷಣಗಳೇ ಅವರ ದೇಹದಲ್ಲೂ ಇದ್ದವು. ಸೆಮ್ಮೆಲ್‌ವೈಸ್‌ಗೆ ಎಲ್ಲ ಹೊಳೆಯಿತು. ಡಾಕ್ಟರುಗಳು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೋಪಿನಲ್ಲಿ ತೊಳೆದರೂ ವಾಸನೆ ಉಳಿಯುತ್ತಿತ್ತು. ಸೂಲಗಿತ್ತಿಯರು ಹೆಣ ಮುಟ್ಟುತ್ತಲೇ ಇರಲಿಲ್ಲ. ಮೇ ತಿಂಗಳ ನಡುವಿನಿಂದ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು ಅಂತ ಕಟ್ಟುನಿಟ್ಟು ಮಾಡಿದರು. ನಮ್ಮ ಪಂಚಾಯಿತಿಯವರು ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೆಯಲ್ಲ, ಅದೇ. ಏಪ್ರಿಲ್‌ನಲ್ಲಿ ನೂರಕ್ಕೆ 18 ಇದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ಆದರೆ ತಮ್ಮ ಕೈಯಿಂದಲೇ ಬಾಣಂತಿಯರು ಸತ್ತರು ಎಂಬುದನ್ನು ಅನೇಕ ಡಾಕ್ಟರುಗಳು ಒಪ್ಪಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ, 47ನೇ ವಯಸ್ಸಿಗೆ, ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು.

ಈಗ ಸೋಪಿನ ವಿಷಯಕ್ಕೆ ಬರೋಣ. ಸೋಪಿನ ಪ್ರತಿ ಅಣುವಿಗೂ ಒಂದು ತಲೆ, ಒಂದು ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ಎಣ್ಣೆ ಜಿಡ್ಡು ಬೇಕು. ಹೊಲದಲ್ಲಿ ನಡೆದು ಬಂದರೆ ಪಂಚೆಗೆ ಉತ್ತರಾಣಿ ಕಚ್ಚಿಕೊಳ್ಳುತ್ತದಲ್ಲ, ಹಾಗೆ ಬಾಲಗಳು ಜಿಡ್ಡಿಗೆ ಕಚ್ಚಿಕೊಳ್ಳುತ್ತವೆ. ಅನೇಕ ವೈರಸ್ಸುಗಳ ಹೊದಿಕೆ ಜಿಡ್ಡಿನದೇ. ನಮ್ಮ ಕಡೆ ಗ್ರಾನೈಟ್ ಕ್ವಾರಿಯಲ್ಲಿ ಬಂಡೆ ಸೀಳುವುದನ್ನು ನೋಡಿದ್ದೀರಾ? ಸಾಲಾಗಿ ಬೆಣೆ ಇಟ್ಟು ಬಡಿಯುತ್ತಾ ಹೋಗುತ್ತಾರೆ. ಒಂದು ಬೆಣೆಗೆ ಬಂಡೆ ಜಗ್ಗುವುದಿಲ್ಲ. ಸಾಲು ಪೂರ್ತಿ ಕೂತಾಗ ಒಮ್ಮೆಲೇ ಬಿರಿಯುತ್ತದೆ. ಸೋಪಿನ ಬಾಲಗಳು ವೈರಸ್ಸಿನ ಹೊದಿಕೆಗೆ ಮಾಡುವುದು ಇದನ್ನೇ. ಹಾಗೆ ಬಿರಿಯದ ಕ್ರಿಮಿಗಳನ್ನು ಸೋಪು ಚರ್ಮದಿಂದ ಎತ್ತುತ್ತದೆ, ನೀರು ಕೊಚ್ಚಿಕೊಂಡು ಹೋಗುತ್ತದೆ. ಬೆಣೆ ಕೂರಲು ಬಡಿತ ಬೇಕು, ಹೊತ್ತೂ ಬೇಕು. ಸೋಪು ನೀರಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಅದಕ್ಕೇ.

ಕೊಪ್ಪಳ, ರಾಯಚೂರಿನವರಿಗೆ ಇಲ್ಲೊಂದು ತೊಡಕಿದೆ. ನಮ್ಮ ಎಷ್ಟೋ ಬೋರ್‌ವೆಲ್‌ಗಳದ್ದು ಸವಳು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ತಲೆಯನ್ನೇ ಹಿಡಿದುಕೊಳ್ಳುತ್ತವೆ. ಹಾಲು ಒಡೆದಂತೆ ಸೋಪು ಒಡೆದು ಬಿಳಿ ಗಸಿಯಾಗುತ್ತದೆ. ನೊರೆ ಬರುವುದಿಲ್ಲ, ಕೈ ಅಂಟಂಟು. ಜಿಡ್ಡಿನ ತನಕ ಹೋಗಬೇಕಾದ ಸೋಪು ದಾರಿಯಲ್ಲೇ ಖರ್ಚಾಗುತ್ತದೆ. ಅದಕ್ಕೆ ಸೋಪು ಜಾಸ್ತಿ ಬೇಕು. ಅದರ ಮೇಲೆ ವಾರ್ಡಿನ ನಲ್ಲಿಯಲ್ಲಿ ನೀರೇ ನಿಂತರೆ ನರ್ಸಮ್ಮ ಏನು ಮಾಡಬೇಕು ಹೇಳಿ.

ಇಂಥ ಕಡೆ ಆಲ್ಕೋಹಾಲಿನ ಹ್ಯಾಂಡ್‌ರಬ್, ಅಂದರೆ ಸ್ಯಾನಿಟೈಸರ್, ದೊಡ್ಡ ಉಪಕಾರ ಮಾಡುತ್ತದೆ. ಅದಕ್ಕೆ ನಲ್ಲಿಯೂ ಬೇಡ, ಟವೆಲ್ಲೂ ಬೇಡ. 20ರಿಂದ 30 ಸೆಕೆಂಡ್ ತಿಕ್ಕಿ ಒಣಗಿಸಿದರೆ ಆಯಿತು. ಆಲ್ಕೋಹಾಲ್ ನೂರಕ್ಕೆ 60ರಿಂದ 80 ಭಾಗ ಇದ್ದರೆ ಸಾಕು. 100ಕ್ಕೆ 100 ಇದ್ದರೆ ಇನ್ನೂ ಗಟ್ಟಿ ಅನ್ನುವುದು ತಪ್ಪು. ಕ್ರಿಮಿಯ ಪ್ರೋಟೀನ್ ಕೆಡಿಸಲು ಆಲ್ಕೋಹಾಲಿಗೆ ನೀರಿನ ಜೊತೆ ಬೇಕು. ನೀರಿಲ್ಲದೆ ಜೋಳದ ಹಿಟ್ಟು ನಾದಲು ಆಗುತ್ತದಾ? ಆದರೆ ಕೈಗೆ ರಕ್ತ, ಮಲ ಕಾಣುವಂತೆ ಮೆತ್ತಿದ್ದರೆ ಸೋಪು ನೀರೇ ಬೇಕು. ಕೆಲವು ಬ್ಯಾಕ್ಟೀರಿಯಾಗಳು ಬೀಜದಂತೆ ಗಟ್ಟಿ ಸಿಪ್ಪೆ ಕಟ್ಟಿಕೊಂಡು ಕೂತಿರುತ್ತವೆ. ಅವು ಆಲ್ಕೋಹಾಲಿಗೆ ಬಗ್ಗುವುದಿಲ್ಲ, ತೊಳೆದೇ ಕಳಿಸಬೇಕು.

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ದಿದಿಯೇ ಪಿತೆ ಎಂಬ ಡಾಕ್ಟರು ಮಂಚಮಂಚಕ್ಕೂ ಹ್ಯಾಂಡ್‌ರಬ್ ಸಿಗುವಂತೆ ಮಾಡಿದರು. ಗೋಡೆಗೆ ಚಿತ್ರ ಅಂಟಿಸಿದರು, ಎಲ್ಲರಿಗೂ ಮತ್ತೆ ಮತ್ತೆ ನೆನಪಿಸಿದರು. 1994ರಿಂದ 1997ರೊಳಗೆ ಅಲ್ಲಿ ಕೈ ಸ್ವಚ್ಛ ಮಾಡಿಕೊಳ್ಳುವ ರೂಢಿ ನೂರಕ್ಕೆ 48ರಿಂದ 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ತಗಲುವ ಸೋಂಕು ನೂರಕ್ಕೆ ಸುಮಾರು 17ರಿಂದ 10ಕ್ಕೆ ಇಳಿಯಿತು. ಮೊದಲು ಅಲ್ಲಿ ಅರ್ಧದಷ್ಟು ಸಲ ಕೈ ತೊಳೆಯುತ್ತಿರಲಿಲ್ಲ ಅಂದರೆ ಅದು ಸೋಮಾರಿತನವಲ್ಲ. ಸಿಂಕು ದೂರ, ಕೆಲಸ ಮೈತುಂಬ.

ಇನ್ನು ಯಾವಾಗ ಅನ್ನುವುದು ವಾರ್ಡಿನವರಿಗೆ ಬಾಯಿಪಾಠ. ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಚುಚ್ಚುವಂಥ ಕೆಲಸದ ಮೊದಲು, ರಕ್ತ, ಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ, ಸಲೈನ್ ಸ್ಟ್ಯಾಂಡ್ ಮುಟ್ಟಿದ ಮೇಲೆ. ಕೊನೆಯದು ಜಾಸ್ತಿ ಮರೆತು ಹೋಗುತ್ತದೆ. ಗ್ಲೌಸ್ ಹಾಕಿದ್ದೀನಲ್ಲ ಅನ್ನುವವರಿಗೆ ಒಂದು ಮಾತು. ಗ್ಲೌಸಿಗೆ ಕಣ್ಣಿಗೆ ಕಾಣದ ತೂತು ಇರಬಹುದು. ಬಿಚ್ಚುವಾಗ ಹೊರಗಿನ ಕೊಳೆ ಕೈಗೆ ತಾಗುತ್ತದೆ. ಹಾಕುವ ಮೊದಲೂ, ಬಿಚ್ಚಿದ ಮೇಲೂ ಕೈ ಸ್ವಚ್ಛವಾಗಬೇಕು.

ಇಷ್ಟೆಲ್ಲ ತಿಳಿದವರ ಕೈ ಹೇಗಿರುತ್ತದೆ ಅಂತ ನಾನು ಒಂದು ತರಬೇತಿಯಲ್ಲಿ ನೋಡಿದೆ. ಬಿಳಿ ಗ್ಲೌಸ್ ಹಾಕಿದ ನರ್ಸ್‌ಗಳ ಅಂಗೈಗೆ ಸ್ವಲ್ಪ ನೀಲಿ ಬಣ್ಣ ಹಾಕಿದರು. ಕಣ್ಣು ಮುಚ್ಚಿಕೊಂಡು ದಿನಾ ತೊಳೆಯುವ ಹಾಗೆ ತಿಕ್ಕಿ ಅಂದರು. ಹಿರಿಯ ಸಿಸ್ಟರ್ ಒಬ್ಬರು ಬೇಗ ಮುಗಿಸಿ ಕಣ್ಣು ತೆರೆದರು. ಅಂಗೈ ಪೂರ್ತಿ ನೀಲಿ. ತಿಕ್ಕಲು ಮರೆತ ಬೆರಳ ತುದಿಗಳು ಬಣ್ಣ ತಾಗದೆ ಬೆಳ್ಳಗೆ ಉಳಿದಿದ್ದವು. ಬಲಗೈ ಹೆಬ್ಬೆರಳು ಬುಡದಿಂದ ತುದಿಯ ತನಕ ಬಿಳಿ. ಅವರು ಆ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿದರು.

"ಇಂಜೆಕ್ಷನ್ ಕೊಟ್ಟ ಮ್ಯಾಲೆ ಇದೇ ಹೆಬ್ಬೆರಳಿಂದ ಹತ್ತಿ ಒತ್ತಿ ಹಿಡಿತೀನಲ್ರಿ" ಅಂದರು ಮೆಲ್ಲಗೆ. ಆಮೇಲೆ ಹೊಸ ಗ್ಲೌಸ್ ಕೇಳಿ ಹಾಕಿಕೊಂಡು, ಮತ್ತೆ ಬಣ್ಣಕ್ಕೆ ಕೈ ಚಾಚಿದರು.