ಡೈನಾಮಿಕ್ ರೇಂಜ್: ಬಳ್ಳಾರಿ ಬಿಸಿಲಿಗೆ ಕ್ಯಾಮೆರಾ ಎಲ್ಲಿ ಸೋಲುತ್ತದೆ

ಮಧ್ಯಾಹ್ನದ ಹೊತ್ತು ಬಳ್ಳಾರಿಯ ಬೆಂಗಳೂರು ರೋಡಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಬಿಸಿಲಲ್ಲಿ ಬಿಳಿ ಧೋತರದ ಅಜ್ಜ ಒಬ್ಬರು ನಡೆದು ಬರುತ್ತಿದ್ದಾರೆ. ಪಕ್ಕದಲ್ಲಿ ತಾಡಪತ್ರಿಯ ಕೆಳಗೆ ಹೆಂಗಸೊಬ್ಬರು ಕೂತು ಹೂವು ಕಟ್ಟುತ್ತಿದ್ದಾರೆ. ಅವರ ಹಿಂದೆ ಬಟ್ಟೆ ಅಂಗಡಿ, ಒಳಗೆ ಗಲ್ಲಾದ ಮುಂದೆ ಮಾಲೀಕರು. ನಿಮ್ಮ ಕಣ್ಣಿಗೆ ಮೂವರೂ ಸರಿಯಾಗಿಯೇ ಕಾಣುತ್ತಾರೆ. ಫೋಟೊ ತೆಗೆದು ನೋಡಿದರೆ ಅಜ್ಜನ ಧೋತರದಲ್ಲಿ ಒಂದು ನಿರಿಗೆಯೂ ಉಳಿದಿರುವುದಿಲ್ಲ, ಬರೀ ಬಿಳಿ. ಅದನ್ನು ಸರಿಮಾಡಲು ಹೋದರೆ ಹೂವಿನವರ ಮುಖ ಕಪ್ಪಾಗುತ್ತದೆ. ಅಂಗಡಿ ಒಳಗಿನವರಂತೂ ಎರಡು ಫೋಟೊದಲ್ಲೂ ಇಲ್ಲ.

ಕ್ಯಾಮೆರಾ ಕೆಟ್ಟಿಲ್ಲ. ಆ ದೃಶ್ಯಕ್ಕೆ ಅದರ ಡೈನಾಮಿಕ್ ರೇಂಜ್ ಸಾಲಲಿಲ್ಲ.

ತೀರಾ ಬೆಳಕಿರುವ ಜಾಗದಿಂದ ತೀರಾ ಕತ್ತಲಿರುವ ಜಾಗದವರೆಗೆ, ಒಂದೇ ಕ್ಲಿಕ್ಕಿನಲ್ಲಿ ಎಷ್ಟು ಅಂತರವನ್ನು ಕ್ಯಾಮೆರಾ ವಿವರ ಕಳೆಯದೆ ಹಿಡಿಯಬಲ್ಲದು ಅನ್ನುವುದೇ ಡೈನಾಮಿಕ್ ರೇಂಜ್. ಬೆಳಕಿನ ತುದಿಗೆ ಹೈಲೈಟ್ ಅಂತಾರೆ, ಕತ್ತಲಿನ ತುದಿಗೆ ಶ್ಯಾಡೊ. ಬೀದಿ ಫೋಟೊ ಕಲಿಯುವವರು ಶಟರ್ (ಎಷ್ಟು ಹೊತ್ತು ಬೆಳಕು ಬಿಡುವುದು), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆಯುವುದು), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ) ಮೂರನ್ನೂ ಬೇಗ ಕಲಿತುಬಿಡುತ್ತಾರೆ. ಇದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಊರಿನಂಥ ಬಿಸಿಲಲ್ಲಿ ಮೊದಲು ಕಲಿಯಬೇಕಾದ್ದು ಇದೇ ಅಂತ ನನ್ನ ಅನಿಸಿಕೆ.

ಈ ಅಂತರವನ್ನು ಅಳೆಯುವುದು ಸ್ಟಾಪ್‌ಗಳಲ್ಲಿ. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್ ಹೆಚ್ಚು, ಅರ್ಧಕ್ಕೆ ಇಳಿದರೆ ಒಂದು ಸ್ಟಾಪ್ ಕಡಿಮೆ. ನಾಲ್ಕು ಸ್ಟಾಪ್ ಅಂದರೆ ನಾಲ್ಕು ಪಟ್ಟಲ್ಲ, 16 ಪಟ್ಟು. ಹತ್ತು ಸ್ಟಾಪ್ ಅಂದರೆ 1,024 ಪಟ್ಟು. ಇಲ್ಲೇ ಬಹಳ ಜನ ಎಡವುವುದು.

ಈಗ ಬೆಂಗಳೂರು ರೋಡಿನ ಲೆಕ್ಕ ಹಾಕೋಣ. ಫಿಲ್ಮ್ ಕಾಲದಿಂದ ಬಂದ ಸನ್ನಿ 16 ಅನ್ನುವ ಒಂದು ರೂಢಿ ಇದೆ. ಸ್ವಚ್ಛ ಬಿಸಿಲಲ್ಲಿ ಅಪರ್ಚರ್ ಎಫ್/16 ಇಟ್ಟು, ಐಎಸ್‌ಒ ಎಷ್ಟಿದೆಯೋ ಶಟರನ್ನು ಅದರ ಹತ್ತಿರಕ್ಕೆ ಇಡುವುದು. ಐಎಸ್‌ಒ 200 ಇದ್ದರೆ ಸೆಕೆಂಡಿನ 1/200. ಬೆಳಕು ಅಳೆಯುವ ಮೀಟರ್ ಇಲ್ಲದೆಯೂ ಎಕ್ಸ್‌ಪೋಷರ್, ಅಂದರೆ ಫೋಟೊಗೆ ಬೀಳುವ ಒಟ್ಟು ಬೆಳಕು, ಹೆಚ್ಚುಕಡಿಮೆ ಸರಿ ಬರುತ್ತದೆ. ಅದೇ ರೂಢಿಯ ಪ್ರಕಾರ ತೆರೆದ ನೆರಳಿಗೆ ಎಫ್/4 ಬೇಕು. ಈ ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು, ಒಂದೊಂದು ಮೆಟ್ಟಿಲಿಗೂ ಬೆಳಕು ಎರಡು ಪಟ್ಟು: 16ರಿಂದ 11, 8, 5.6, 4. ನಾಲ್ಕು ಸ್ಟಾಪ್ ಆಯಿತು. ಅಂದರೆ ಅಜ್ಜನ ಮೇಲೆ ಬೀಳುವ ಬೆಳಕು ಹೂವಿನವರ ಮೇಲೆ ಬೀಳುವ ಬೆಳಕಿಗಿಂತ ಸುಮಾರು 16 ಪಟ್ಟು ಜಾಸ್ತಿ. ಬರೀ ಟ್ಯೂಬ್‌ಲೈಟ್ ಉರಿಯುವ ಅಂಗಡಿಯ ಒಳಗೆ ಹೋದರೆ ಎಂಟು ಸ್ಟಾಪ್‌ವರೆಗೂ ವ್ಯತ್ಯಾಸ ಬರುವುದು ಮಾಮೂಲು. ಅದು 256 ಪಟ್ಟು.

ಇದರ ಮೇಲೆ ಬಟ್ಟೆಯ ಬಣ್ಣವೂ ಸೇರುತ್ತದೆ. ಬಿಳಿ ಧೋತರ ಬಿದ್ದ ಬೆಳಕಿನ ಬಹುಪಾಲನ್ನು ವಾಪಸ್ ಎಸೆಯುತ್ತದೆ. ಗಾಢ ನೀಲಿ ಜೀನ್ಸ್ ಬಹುಪಾಲನ್ನು ನುಂಗಿಬಿಡುತ್ತದೆ. ಒಂದೇ ಬೆಳಕಲ್ಲಿಟ್ಟರೂ ಇವೆರಡರ ನಡುವೆ ನಾಲ್ಕು ಸ್ಟಾಪ್‌ನಷ್ಟು ಅಂತರ. ಬಳ್ಳಾರಿ ಜೀನ್ಸ್ ಹೊಲಿಯುವ ಊರು ಅಲ್ವಾ, ಈ ಪಜೀತಿ ನಮಗೆ ದಿನಾ ಇದ್ದದ್ದೇ. ಕೌಲ್ ಬಜಾರ್ ಕಡೆ ಹೊಲಿಗೆ ಮಷಿನ್ ಮುಂದೆ ಕೂತವರನ್ನು ಬಾಗಿಲ ಹೊರಗಿನ ಬಿಸಿಲಲ್ಲಿರುವ ಬಿಳಿ ಬಟ್ಟೆಯ ಜೊತೆಗೇ ತೆಗೆಯಲು ಹೋದರೆ, ಎಂಟಕ್ಕೆ ನಾಲ್ಕು ಸೇರಿ ಹನ್ನೆರಡು ಸ್ಟಾಪ್. ಒಳ್ಳೆಯ ಫುಲ್ ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾಗಳು 14 ಸ್ಟಾಪ್ ಹಿಡಿಯುತ್ತವೆ ಅಂತ ಹೇಳಿಕೊಳ್ಳುತ್ತವೆ. ಅದು ರಾ ಫೈಲಿನ (ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಇಟ್ಟ ಫೈಲಿನ) ಲೆಕ್ಕ, ಅದೂ ಕಡಿಮೆ ಐಎಸ್‌ಒದಲ್ಲಿ, ಕೆಳಗಿನ ಒಂದೆರಡು ಸ್ಟಾಪ್‌ನಲ್ಲಿ ಬರೀ ಕಾಳುಕಾಳು. ಕ್ಯಾಮೆರಾ ತಾನೇ ಕುಗ್ಗಿಸಿ ಕೊಡುವ ಜೆಪೆಗ್ ತೆಗೆದರೆ ಉಳಿಯುವುದು ಇನ್ನೂ ಕಡಿಮೆ.

ಹಾಗಾದರೆ ಕಣ್ಣಿಗೆ ಹೇಗೆ ಎಲ್ಲ ಕಂಡಿತು? ಕಣ್ಣು ಒಂದೇ ಸಲ ಎಲ್ಲವನ್ನೂ ನೋಡುವುದೇ ಇಲ್ಲ. ಅಜ್ಜನನ್ನು ನೋಡುವಾಗ ಒಂದು ಥರ ಹೊಂದಿಕೊಳ್ಳುತ್ತದೆ, ಅಂಗಡಿ ಒಳಗೆ ನೋಡುವಾಗ ಇನ್ನೊಂದು ಥರ. ಮಿದುಳು ಎಲ್ಲ ತುಣುಕುಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿ ಕೊಡುತ್ತದೆ. ಕ್ಯಾಮೆರಾಗೆ ಸಿಗುವುದು ಒಂದೇ ಅವಕಾಶ.

ಈಗ ಮುಖ್ಯ ವಿಷಯ. ಎರಡು ತುದಿಯಲ್ಲಿ ಯಾವುದಾದರೂ ಒಂದನ್ನು ಬಿಡಬೇಕು ಅಂದರೆ ಯಾವುದನ್ನು ಬಿಡಬೇಕು?

ಸೆನ್ಸರಿನ ಪ್ರತಿ ಪಿಕ್ಸೆಲ್‌ಗೂ ಬೆಳಕು ಹಿಡಿಯಲು ಒಂದು ಮಿತಿ ಇದೆ. ತುಂಬಿದ ಮೇಲೆ ಇನ್ನೆಷ್ಟೇ ಬೆಳಕು ಬಿದ್ದರೂ ಅದು ಬರೆದುಕೊಳ್ಳುವುದು ಅದೇ ಕೊನೆಯ ಅಂಕಿಯನ್ನು. ಧೋತರದ ನಿರಿಗೆ, ಅಂಚು, ಕೊಳೆ ಎಲ್ಲಕ್ಕೂ ಒಂದೇ ಅಂಕಿ. ಮದುವೆ ಫೋಟೊ ತೆಗೆಯುವವರು ‘ಬರ್ನ್ ಆಯ್ತು’ ಅನ್ನುವುದು ಇದಕ್ಕೇ. ಎಡಿಟಿಂಗ್‌ನಲ್ಲಿ ಕತ್ತಲು ಮಾಡಿದರೆ ಆ ಬಿಳಿ ಬೂದಿ ಬಣ್ಣಕ್ಕೆ ತಿರುಗುತ್ತದೆಯೇ ಹೊರತು ನಿರಿಗೆ ವಾಪಸ್ ಬರುವುದಿಲ್ಲ. ಫೈಲಿನಲ್ಲಿ ಅದು ದಾಖಲೇ ಆಗಿಲ್ಲ.

ನೆರಳಿನ ಕಥೆ ಬೇರೆ. ಅಲ್ಲಿ ಬೆಳಕು ಕಡಿಮೆ ಬಿದ್ದಿದೆ, ಆದರೆ ಬಿದ್ದಿದೆ. 14 ಬಿಟ್ ರಾ ಫೈಲಿನಲ್ಲಿ ಕಪ್ಪಿನಿಂದ ಬಿಳಿಗೆ 16,384 ಮೆಟ್ಟಿಲು. ಅದರಲ್ಲಿ ಅರ್ಧ, ಅಂದರೆ 8,192, ಎಲ್ಲಕ್ಕಿಂತ ಮೇಲಿನ ಒಂದು ಸ್ಟಾಪ್‌ಗೇ ಹೋಗುತ್ತವೆ. ಮುಂದಿನದಕ್ಕೆ 4,096. ಹೀಗೆ ಅರ್ಧರ್ಧ ಆಗುತ್ತಾ ಹತ್ತನೆಯ ಸ್ಟಾಪ್‌ಗೆ ಬರುವಷ್ಟರಲ್ಲಿ ಬರೀ 16 ಉಳಿದಿರುತ್ತವೆ. ಅದಕ್ಕೇ ನೆರಳನ್ನು ತುಂಬಾ ಎತ್ತಿದರೆ ಕಾಳುಕಾಳಾಗಿ, ಪಟ್ಟಿಪಟ್ಟಿಯಾಗಿ ಕಾಣುವುದು. ಆದರೂ ಆ 16ರಲ್ಲಿ ಒಂದು ಮುಖ ಇರಬಹುದು. ಜೆಪೆಗ್ ಎಂಟು ಬಿಟ್ಟಿನದು, ಪ್ರತಿ ಬಣ್ಣಕ್ಕೆ ಒಟ್ಟು 256 ಮೆಟ್ಟಿಲು ಮಾತ್ರ. ಅದರಲ್ಲಿ ನೆರಳನ್ನು ಎತ್ತುವ ಆಸೆ ಜಾಸ್ತಿ ಇಟ್ಟುಕೊಳ್ಳಬಾರದು. ಬಿಸಿಲ ಬೀದಿಗೆ ಹೋಗುವಾಗ ರಾ ಆನ್ ಮಾಡಿ ಅಂತ ಎಲ್ಲರೂ ಹೇಳುವುದು ಇದೇ ಕಾರಣಕ್ಕೆ.

ಆದ್ದರಿಂದ ಡಿಜಿಟಲ್‌ನಲ್ಲಿ ಬಿಳಿಯನ್ನು ಉಳಿಸಿಕೊಳ್ಳಿ, ನೆರಳನ್ನು ಎಡಿಟಿಂಗ್‌ಗೆ ಬಿಡಿ. ಕ್ಯಾಮೆರಾದ ಅಂದಾಜಿಗಿಂತ ಬೆಳಕು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಟ್ಟು ಶುರು ಮಾಡಬಹುದು. ಕಣ್ಣು ಮುಚ್ಚಿಕೊಂಡು ಅಲ್ಲ. ಮೀಟರಿಗೆ ಜಗತ್ತೆಲ್ಲ ನಡುಬೂದಿ ಬಣ್ಣದ್ದು. ಫ್ರೇಮಿನ ತುಂಬಾ ಬಿಳಿ ಗೋಡೆ ಇದ್ದರೆ ಅದು ತಾನಾಗಿಯೇ ಕತ್ತಲು ಮಾಡಿರುತ್ತದೆ, ಅದರ ಮೇಲೆ ನೀವೂ ಮೈನಸ್ ಮಾಡಿದರೆ ಫೋಟೊ ಮುಳುಗುತ್ತದೆ. ಫ್ರೇಮಿನ ತುಂಬಾ ನೆರಳಿದ್ದು ಮಧ್ಯೆ ಒಬ್ಬರೇ ಬಿಳಿ ಬಟ್ಟೆಯವರು ಇದ್ದಾಗಲೇ ಮೈನಸ್ ನಿಜವಾಗಿ ಬೇಕಾಗುವುದು.

ಪರದೆಯ ಮೇಲಿನ ಚಿತ್ರಕ್ಕಿಂತ ಹಿಸ್ಟೊಗ್ರಾಮ್ ನಂಬಿ. ಬೆಳಕಿನ ಲೆಕ್ಕ ತೋರಿಸುವ ಆ ಗುಡ್ಡದ ಗ್ರಾಫು ಬಲ ತುದಿಗೆ ಹೋಗಿ ಗೋಡೆಗೆ ಒರಗಿದ್ದರೆ ಏನೋ ಬರ್ನ್ ಆಗಿದೆ. ಕ್ಯಾಮೆರಾದಲ್ಲಿ ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ತೋರಿಸುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಕನಕ ದುರ್ಗಮ್ಮನ ಗುಡಿಯ ಹತ್ತಿರ ಬಿಸಿಲಿಗೆ ಹರಡಿದ ಕುಂಕುಮದ ರಾಶಿ ಸಿಕ್ಕಿತು ಅನ್ನಿ. ಒಟ್ಟು ಗ್ರಾಫ್ ಚೆನ್ನಾಗಿಯೇ ಇರುತ್ತದೆ, ಕೆಂಪು ಮಾತ್ರ ತುಂಬಿ ಹೋಗಿರುತ್ತದೆ. ಮನೆಗೆ ಬಂದು ನೋಡಿದರೆ ಪುಡಿಯ ಕಣ ಕಾಣುವುದಿಲ್ಲ, ಕೆಂಪು ಪೇಂಟ್ ಬಳಿದ ಹಾಗೆ ಇರುತ್ತದೆ.

ಹೊತ್ತಿನ ಬಗ್ಗೆಯೂ ಎರಡು ಮಾತು. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಮೇ ಆರಂಭದಲ್ಲಿ ಮತ್ತು ಆಗಸ್ಟ್ ಎರಡನೇ ವಾರದ ಸುಮಾರಿಗೆ, ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಆಗ ಮಧ್ಯಾಹ್ನ 12.20ರ ಆಸುಪಾಸಿನಲ್ಲಿ ಕಂಬದ ನೆರಳು ಕಂಬದ ಬುಡದಲ್ಲೇ. ಮನುಷ್ಯರ ಕಣ್ಣಿನ ಗುಳಿ ಕಪ್ಪು, ಮೂಗಿನ ತುದಿ ಬಿಳಿ. ‘ಗೋಲ್ಡನ್ ಅವರ್’ನಲ್ಲಿ (ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನ ಬೆಳಕಲ್ಲಿ) ಮಾತ್ರ ಫೋಟೊ ತೆಗೆಯಿರಿ ಅಂತ ಉಪದೇಶ ಮಾಡುವವರು ಬಹಳ. ಬೆಳಗಿನ ಬಿಸಿಲಲ್ಲಿ ಬಳ್ಳಾರಿ ಚೆಂದವೇ, ಕೋಟೆ ಗುಡ್ಡದ ಬಂಡೆಗಳು ಇನ್ನೂ ಚೆಂದ. ಆದರೆ ಊರಿನ ಅರ್ಧ ಬದುಕು ನಡೆಯುವುದೇ ಸುಡುಬಿಸಿಲಲ್ಲಿ. ಅದನ್ನು ಬಿಟ್ಟರೆ ಬೀದಿ ಫೋಟೊ ಯಾಕೆ?

ಮಧ್ಯಾಹ್ನಕ್ಕೆ ಒಂದು ಉಪಾಯ ಇದೆ. ಬಿಸಿಲು ಬಿದ್ದ ತಿಳಿ ಬಣ್ಣದ ಗೋಡೆ ಹುಡುಕಿ, ಅದರ ಎದುರಿನ ನೆರಳಲ್ಲಿ ಕಾಯಿರಿ. ಗೋಡೆಯಿಂದ ಪುಟಿದ ಬೆಳಕು ನೆರಳಿನೊಳಗೆ ಬರುತ್ತದೆ. ನಾಲ್ಕು ಸ್ಟಾಪ್‌ನ ಅಂತರ ಎರಡಕ್ಕೆ ಇಳಿದರೂ ಸಾಕು. ಒಂದೇ ಜಾಗದಲ್ಲಿ ಅಷ್ಟು ಹೊತ್ತು ನಿಂತರೆ ‘ಯಾಕ್ರೀ, ಏನ್ ಫೋಟೊ ಹೊಡೀತಿದ್ದೀರಿ?’ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ತೋರಿಸಿ. ಬೇಡ ಅಂದರೆ ಅಳಿಸಿ. ಅಲ್ಲೇ ಒಗ್ಗರಣೆ ಮಿರ್ಚಿ ತಿನ್ನುತ್ತಾ ಕೂತರೆ ಹತ್ತು ನಿಮಿಷದಲ್ಲಿ ನಿಮ್ಮನ್ನು ಮರೆತೂ ಬಿಡುತ್ತಾರೆ.

ಇನ್ನೊಂದು ದಾರಿ, ನೆರಳು ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ ಅಂತ ಒಪ್ಪಿಕೊಳ್ಳುವುದು. ಕೊಡಾಕ್ರೋಮ್ ಅಂತ 1935ರಿಂದ 2009ರವರೆಗೆ ಬಂದ ಸ್ಲೈಡ್ ಫಿಲ್ಮ್ (ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಮೂಡುವ ಫಿಲ್ಮ್) ಇತ್ತು. ಸ್ಲೈಡ್ ಫಿಲ್ಮ್ ಹಿಡಿಯುತ್ತಿದ್ದದ್ದು ಐದಾರು ಸ್ಟಾಪ್ ಅಷ್ಟೇ. ಭಾರತದ ಬೀದಿಗಳನ್ನು ಬಣ್ಣದಲ್ಲಿ ತೋರಿಸಿದ ರಘುಬೀರ್ ಸಿಂಗ್ ಬಳಸಿದ್ದು ಅದನ್ನೇ. ಮ್ಯಾಗ್ನಮ್ ಅನ್ನುವ ಫೋಟೊಗ್ರಾಫರ್‌ಗಳ ಸಂಸ್ಥೆಯ ಅಲೆಕ್ಸ್ ವೆಬ್ ಕೂಡ ಬಹಳ ವರ್ಷ ಅದರಲ್ಲೇ ತೆಗೆದರು. ವೆಬ್ ಅವರ ಚಿತ್ರಗಳಲ್ಲಿ ಅರ್ಧ ಫ್ರೇಮ್ ಕಡುಕಪ್ಪು ಇರುತ್ತದೆ, ಆ ಕಪ್ಪಿನ ಸಂದಿಯಲ್ಲಿ ಒಂದು ಬಣ್ಣ, ಒಂದು ಮುಖ. ಬಿಸಿಲಿಗೆ ಎಕ್ಸ್‌ಪೋಷರ್ ಕೊಟ್ಟು ನೆರಳನ್ನೇ ಆಕಾರವಾಗಿ ಬಳಸಿಕೊಳ್ಳುವುದು. 14 ಸ್ಟಾಪ್‌ನ ಕ್ಯಾಮೆರಾ ಕೈಯಲ್ಲಿ ಹಿಡಿದು ಗೊಣಗುವವರು ಇದನ್ನು ಒಮ್ಮೆ ಯೋಚಿಸಬೇಕು.

ಫೋನಿನವರಿಗೆ ಈ ತಲೆನೋವು ಕಡಿಮೆ, ಮೇಲ್ನೋಟಕ್ಕೆ. ಫೋನ್ ಒಂದು ಕ್ಲಿಕ್ಕಿಗೆ ಹಲವು ಫ್ರೇಮ್ ತೆಗೆದು, ಸೇರಿಸಿ, ಎರಡೂ ತುದಿಯನ್ನು ಉಳಿಸಿ ಕೊಡುತ್ತದೆ. ಎಚ್‌ಡಿಆರ್ ಅನ್ನುವುದು ಅದೇ. ತೊಂದರೆ ಏನೆಂದರೆ ಯಾವ ನೆರಳು ಬೇಕು, ಯಾವುದು ಬೇಡ ಅನ್ನುವ ನಿರ್ಧಾರವನ್ನೂ ಅದೇ ಮಾಡಿಬಿಡುತ್ತದೆ. ಫೋನಿನಲ್ಲಿ ರಾ ಮೋಡ್ ಇದ್ದರೆ ಒಮ್ಮೆ ಅದರಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ.

ಎಡಿಟಿಂಗ್‌ಗೆ ಬರೋಣ. ಲೈಟ್‌ರೂಮ್, ಸ್ನ್ಯಾಪ್‌ಸೀಡ್, ಡಾರ್ಕ್‌ಟೇಬಲ್ ಯಾವುದಾದರೂ ಆಗಬಹುದು. ಡಾರ್ಕ್‌ಟೇಬಲ್‌ಗೆ ದುಡ್ಡು ಕೊಡಬೇಕಿಲ್ಲ. ಹೈಲೈಟ್ ಇಳಿಸುವುದು, ಶ್ಯಾಡೊ ಎತ್ತುವುದು, ಆಮೇಲೆ ಕಪ್ಪಿನ ತುದಿಯನ್ನು ಮತ್ತೆ ಸ್ವಲ್ಪ ಕೆಳಗೆ ತರುವುದು. ಈ ಕೊನೆಯದನ್ನು ಬಹಳ ಜನ ಮಾಡುವುದಿಲ್ಲ. ಶ್ಯಾಡೊ ನೂರಕ್ಕೆ ಎಳೆದು, ಹೈಲೈಟ್ ಮೈನಸ್ ನೂರಕ್ಕೆ ಎಳೆದು ಅಲ್ಲಿಗೇ ನಿಲ್ಲಿಸುತ್ತಾರೆ. ಆಗ ಬಳ್ಳಾರಿ ಬಿಸಿಲು ಮೋಡ ಕವಿದ ಸಂಜೆಯ ಥರ ಕಾಣುತ್ತದೆ. ಎಲ್ಲ ಕಾಣುತ್ತದೆ, ಆದರೆ ಸೆಕೆ ಕಾಣುವುದಿಲ್ಲ. ಇಡೀ ಚಿತ್ರದ ನೆರಳು ಎತ್ತುವ ಬದಲು ಮಾಸ್ಕ್ ಹಾಕಿ (ಬದಲಾವಣೆ ಬೇಕಾದ ಜಾಗವನ್ನಷ್ಟೇ ಆರಿಸಿಕೊಂಡು) ಹೂವಿನವರ ಮುಖ ಮತ್ತು ಕೈ ಇರುವ ಜಾಗವನ್ನಷ್ಟೇ ಒಂದು ಸ್ಟಾಪ್ ಎತ್ತಿ. ಅಂಗಡಿಯ ಒಳಗೆ ಕತ್ತಲಿರಲಿ, ಅಲ್ಲಿ ಏನೂ ನಡೆಯುತ್ತಿಲ್ಲವಲ್ಲ.

ಮುಖ ಎತ್ತುವಾಗ ಕೈ ಬಿಗಿಹಿಡಿಯಿರಿ. ನೆರಳಿನಿಂದ ಹೊರತರುವುದು ಬೇರೆ, ಬೆಳ್ಳಗೆ ಮಾಡುವುದು ಬೇರೆ. ಬಿಸಿಲಲ್ಲಿ ದುಡಿದು ಕಪ್ಪಾದ ಮುಖವನ್ನು ಸ್ಟುಡಿಯೊ ಫೋಟೊದಂತೆ ತಿಳಿಯಾಗಿಸುವ ಚಟ ನಮ್ಮಲ್ಲಿ ಇದೆ. ನನಗೆ ಅದು ಸರಿ ಬರುವುದಿಲ್ಲ.

ತಾಡಪತ್ರಿಯ ಕೆಳಗಿನ ಫೋಟೊಗಳಿಗೆ ಇನ್ನೊಂದು ಕಾಟ ಇದೆ. ನೀಲಿ ತಾಡಪತ್ರಿಯ ಮೂಲಕ ಬಂದ ಬೆಳಕು ನೀಲಿ. ನೆರಳನ್ನು ಎತ್ತಿದಷ್ಟೂ ಮುಖದ ನೀಲಿಯೂ ಮೇಲೇಳುತ್ತದೆ. ಇಡೀ ಚಿತ್ರದ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣದ ಛಾಯೆ ಸರಿಮಾಡುವ ಆಯ್ಕೆ) ಬದಲಿಸಿದರೆ ಹೊರಗಿನ ಬಿಸಿಲು ಹಳದಿಯಾಗುತ್ತದೆ. ಆ ಮಾಸ್ಕ್‌ನೊಳಗೇ ಬಣ್ಣವನ್ನು ಬೆಚ್ಚಗೆ ಮಾಡಿ ನೋಡಬೇಕು. ಅದಕ್ಕೂ ಬಗ್ಗದಿದ್ದರೆ ಸುಮ್ನೆ ಕಪ್ಪು ಬಿಳುಪು ಮಾಡಿಬಿಡಿ, ತಪ್ಪೇನಿಲ್ಲ.

ಎಡಿಟ್ ಮಾಡುವಾಗ ಪರದೆಯ ಬೆಳಕು ಎಷ್ಟಿದೆ ಅನ್ನುವುದೂ ಮುಖ್ಯ. ಬಿಸಿಲಲ್ಲಿ ನಿಂತು ನೋಡಿದರೆ ಪರದೆ ಮಬ್ಬು, ಫೋಟೊ ಕತ್ತಲು ಅನ್ನಿಸಿ ಎಕ್ಸ್‌ಪೋಷರ್ ಏರಿಸುತ್ತೀರಿ, ಬಿಳಿ ಹೋಗುತ್ತದೆ. ರಾತ್ರಿ ದೀಪ ಆರಿಸಿ ಪರದೆ ಪೂರ್ತಿ ಬೆಳಗಿಸಿ ನೋಡಿದರೆ ಎಲ್ಲ ಜಾಸ್ತಿ ಬೆಳಕು ಅನ್ನಿಸಿ ಇಳಿಸುತ್ತೀರಿ. ಪ್ರಿಂಟ್ ಹಾಕಿಸುವುದಿದ್ದರೆ ಇನ್ನೂ ಹುಷಾರಾಗಿರಬೇಕು. ಕಾಗದಕ್ಕೆ ತನ್ನದೇ ಬೆಳಕಿಲ್ಲ, ಅದು ತೋರಿಸಬಲ್ಲ ಅಂತರ ಪರದೆಗಿಂತ ಕಡಿಮೆ. ಪರದೆಯಲ್ಲಿ ಅರೆಬರೆ ಕಾಣುತ್ತಿದ್ದ ನೆರಳು ಪ್ರಿಂಟಿನಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಲ್ಯಾಬಿಗೆ ಕೊಡುವ ಮೊದಲು ನೆರಳನ್ನು ಇನ್ನೊಂದು ಚೂರು ಎತ್ತಿ, ಚಿಕ್ಕ ಸೈಜಿನಲ್ಲಿ ಒಂದು ಪ್ರಿಂಟ್ ತೆಗೆಸಿ ನೋಡಿ, ಆಮೇಲೆ ದೊಡ್ಡದಕ್ಕೆ ಹೇಳಿ.