ಮೂಳೆಗೆ ಮೊದಲ ತೂತು ಬೀಳುವ ಜಾಗ

ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದು, ಚೊಂಬು ಕೈಯಿಂದ ಜಾರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಕೈ ಸಡಿಲಾಗುತ್ತದೆ, ‘ವಾಯು ಇರಬೇಕು’ ಎಂದು ಮನೆಯವರೆಲ್ಲ ಸುಮ್ಮನಾಗುತ್ತಾರೆ. ವಯಸ್ಸಾದವರ ಮಂಡಿಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ರುಮಟಾಯ್ಡ್ ಸಂಧಿವಾತದ್ದು ಗಂಟೆಗಟ್ಟಲೆ ಕೂರುತ್ತದೆ. ಬೆರಳ ಬುಡದ ಗೆಣ್ಣು, ನಡುಗೆಣ್ಣು, ಮಣಿಕಟ್ಟು ಊದುತ್ತವೆ. ಉಗುರಿನ ಪಕ್ಕದ ಗೆಣ್ಣು ಬಹುತೇಕ ಉಳಿದುಕೊಳ್ಳುತ್ತದೆ. ಊದಿದ ಗೆಣ್ಣನ್ನು ಒತ್ತಿದರೆ ಕಲಸಿದ ಹಿಟ್ಟು ಮುಟ್ಟಿದಂತೆ ಮೆತ್ತಗೆ.

ಆ ಮೆತ್ತನೆಯದೇ ಊದಿದ ಸೈನೋವಿಯಂ, ಕೀಲಿನ ಒಳಪೊರೆ. ಆರೋಗ್ಯವಾಗಿದ್ದಾಗ ಅದರ ಮೇಲ್ಪದರ ಒಂದೆರಡು ಜೀವಕೋಶದಷ್ಟೇ ದಪ್ಪ. ರೋಗನಿರೋಧಕ ಶಕ್ತಿ ಸ್ವಂತ ಮೈಮೇಲೇ ತಿರುಗಿಬಿದ್ದಾಗ ಅದು ಹತ್ತು ಪದರದವರೆಗೂ ಬೆಳೆದು, ಹೊಸ ರಕ್ತನಾಳ ಹುಟ್ಟಿಸಿಕೊಂಡು ಮೂಳೆಯತ್ತ ಹಬ್ಬುತ್ತದೆ. ಮೂಳೆಯ ತುದಿಗೆ ಮೃದ್ವಸ್ಥಿಯ ಟೋಪಿಯಿದೆ. ಆದರೆ ಟೋಪಿ ಮುಗಿಯುವಲ್ಲಿಂದ ಪೊರೆ ಅಂಟುವಲ್ಲಿಯವರೆಗೆ ಕಿರಿದಾದೊಂದು ಪಟ್ಟಿ ಬರಿಮೂಳೆ. ಮೊದಲ ತೂತು ಬೀಳುವುದು ಅಲ್ಲೇ. ಚೌಕಟ್ಟಿಗೆ ಗೆದ್ದಲು ಹತ್ತುವುದು ಬಣ್ಣ ತಾಗದ ಬುಡದಿಂದ. ಕೆರೆ ಏರಿಯಲ್ಲಿ ಏಡಿ ಬಿಲ ತೋಡುವುದು ಕಲ್ಲುಕಟ್ಟಡ ಮುಗಿದ ಕಡೆ. ಹಾಗೆಯೇ ಇದು.

ಮೂಳೆಯನ್ನು ಕೆಡವುವ ಕೋಶಗಳು ನಮ್ಮವೇ. ಅವು ಕೆಡವಿದ್ದನ್ನು ಕಟ್ಟುವ ಕೋಶಗಳು ಹಿಂದೆಯೇ ಬಂದು ತುಂಬುತ್ತವೆ. ಇದು ಜೀವನವಿಡೀ ನಡೆಯುವ ಕೆಲಸ. ಉರಿಯುತ್ತಿರುವ ಪೊರೆ ಟಿಎನ್‌ಎಫ್, ಐಎಲ್-6, ರ್‍ಯಾಂಕ್‌ಎಲ್ ಎಂಬ ರಾಸಾಯನಿಕ ಸಂದೇಶಗಳಿಂದ ಕೆಡವುವವರ ಪಡೆ ಹೆಚ್ಚಿಸುತ್ತದೆ, ಕಟ್ಟುವವರ ಕೈ ಕಟ್ಟುತ್ತದೆ. ಹಾಗಾಗಿ ಬಿದ್ದ ತೂತು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಡೈಕ್ಲೋಫೆನಾಕ್ ನುಂಗಿದರೆ ನೋವು ತಗ್ಗುತ್ತದೆ, ಈ ತಿನ್ನಾಟ ನಿಲ್ಲದು. ಬದನೆಕಾಯಿ, ಮೊಸರು ಬಿಟ್ಟರೂ ನಿಲ್ಲದು. ‘ಎಕ್ಸ್-ರೇಯಲ್ಲಿ ಏನೂ ಇಲ್ಲ’ ಎಂಬ ಸಮಾಧಾನವೂ ಬೇಡ: ಮೊದಲ ತಿಂಗಳುಗಳಲ್ಲಿ ಅದು ಸ್ವಚ್ಛವಾಗಿಯೇ ಕಾಣುತ್ತದೆ, ಎರಡು ವರ್ಷದೊಳಗೆ ಅನೇಕರಲ್ಲಿ ತೂತು ಕಾಣಿಸುತ್ತದೆ. ಪಾದದ ಕಿರುಬೆರಳ ಬುಡದಲ್ಲಿ ಬೇಗ ಕಾಣುವುದರಿಂದ ಕೈಯ ಜೊತೆ ಪಾದದ ಎಕ್ಸ್-ರೇಯೂ ಬೇಕು. ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ (ಈ ರೋಗದ ಪತ್ತೆಗೆ ಹುಡುಕುವ ಪ್ರತಿಕಾಯ) ಇಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆಂದಲ್ಲ. ಊತ ಕಂಡ ಆರು ವಾರದೊಳಗೆ ರುಮಟಾಲಜಿಸ್ಟ್, ಅಂದರೆ ಸಂಧಿವಾತ ತಜ್ಞರ ಬಳಿ ಹೋಗಬೇಕು, ಮೂರು ತಿಂಗಳೊಳಗೆ ಔಷಧ ಶುರುವಾಗಬೇಕು.

ಮೊದಲ ಔಷಧ ಸಾಮಾನ್ಯವಾಗಿ ಮೆಥೋಟ್ರೆಕ್ಸೇಟ್. ‘ಅದು ಕ್ಯಾನ್ಸರ್ ಗುಳಿಗೆ’ ಎಂದು ಹೆದರಿ ಬಿಡುವವರನ್ನು ಕಂಡರೆ ಸಂಕಟವಾಗುತ್ತದೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡ ಫೋಲಿಕ್ ಆಮ್ಲವನ್ನೂ ತಯಾರಿಸಿತು, ಅದಕ್ಕೆ ಅಡ್ಡಗಾಲು ಹಾಕುವ ಈ ಬಗೆಯ ಔಷಧಗಳನ್ನೂ ತಯಾರಿಸಿತು. ಇವತ್ತು ರೋಗಿ ಎರಡನ್ನೂ ನುಂಗುತ್ತಾರೆ: ಮೆಥೋಟ್ರೆಕ್ಸೇಟ್ ವಾರದಲ್ಲಿ ಒಂದೇ ದಿನ, ಫೋಲಿಕ್ ಆಮ್ಲ ಬೇರೆ ದಿನ. ಕ್ಯಾನ್ಸರ್‌ಗೆ ಕೊಡುವುದಕ್ಕೆ ಹೋಲಿಸಿದರೆ ಕೀಲಿಗೆ ಕೊಡುವ ಪ್ರಮಾಣ ತೀರಾ ಕಡಿಮೆ, ವಾರಕ್ಕೆ 7.5ರಿಂದ 15 ಮಿಲಿಗ್ರಾಂನಿಂದ ಶುರು, ಗರಿಷ್ಠ 25ರ ಆಸುಪಾಸು. ಗುಣ ಕಾಣಲು ಆರರಿಂದ ಹನ್ನೆರಡು ವಾರ. ಯಕೃತ್ತು, ಮೂತ್ರಪಿಂಡ, ರಕ್ತಕಣಗಳ ಪರೀಕ್ಷೆ ತಪ್ಪಿಸಬಾರದು. ಮದ್ಯ ಬೇಡ. ಗರ್ಭಿಣಿಯರಿಗೆ, ಗರ್ಭ ಧರಿಸಲು ಹೊರಟವರಿಗೆ ಇದು ಸಲ್ಲದು.

ನೆನಪಿರಲಿ, ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ಮೂಳೆಮಜ್ಜೆ ಸೋತು, ಪ್ರಾಣಕ್ಕೇ ಕುತ್ತು ಬರುತ್ತದೆ. ಚೀಟಿಯ ಮೇಲೆ, ಗುಳಿಗೆ ಪಟ್ಟಿಯ ಮೇಲೆ ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ.