ಯಾವ ‘ನಾವು’? ಮನವೊಲಿಸುವ ಬರಹದಲ್ಲಿ ನಾನು ಎಡವಿದ ಜಾಗ

ಪ್ರತಿ ಭಾನುವಾರ ಬೆಳಗ್ಗೆ ನಾವು ನಾಲ್ಕು ಜನ ಕಬ್ಬನ್ ಪಾರ್ಕಿನಲ್ಲಿ ಸೇರುತ್ತೇವೆ. ಒಂದು ಜಾಹೀರಾತೋ ಸಂಪಾದಕೀಯವೋ ನೋಟಿಸೋ ಇಟ್ಟುಕೊಂಡು, ಅದು ಓದುವವರನ್ನು ಹೇಗೆ ಒಪ್ಪಿಸುತ್ತದೆ ಅಂತ ಒಂದು ಪುಟ ಬರೆಯುತ್ತೇವೆ. ಆಮೇಲೆ ನೋಟ್‌ಬುಕ್ ಅದಲುಬದಲು. ‘ಚೆನ್ನಾಗಿದೆ’ ಅಂತ ಬರೆಯುವ ಹಾಗಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಬೇಕು.

ಅರಿಸ್ಟಾಟಲ್‌ನ ಎಥೋಸ್, ಪಾಥೋಸ್, ಲೋಗೋಸ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನ ತರ್ಕ, ಅಷ್ಟೇ. ನನಗೆ ತಲೆ ಕೆಟ್ಟಿದ್ದು ‘ನಾವು’ ಅನ್ನೋ ಸಣ್ಣ ಪದದಲ್ಲಿ.

2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಬಂದ ನೀರಿನ ಅಭಾವ ನೆನಪಿದೆಯಲ್ಲ? ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಅದೇ ನೆನಪಿನಲ್ಲಿ ಅಭ್ಯಾಸಕ್ಕೆ ಅಂತ ಒಂದು ಅಪಾರ್ಟ್‌ಮೆಂಟ್ ನೋಟಿಸ್ ನಾವೇ ಬರೆದುಕೊಂಡೆವು: ‘ನಾವು ನೀರು ಉಳಿಸಬೇಕು. ಇಲ್ಲದಿದ್ದರೆ ನಾವು ಕ್ರಮ ಕೈಗೊಳ್ಳಬೇಕಾಗುತ್ತದೆ.’

ನಾನು ಬರೆದದ್ದು: ‘ಎರಡು ಸಲ ನಾವು ಎಂದು ಹೇಳಿ ಓದುಗರನ್ನು ಜೊತೆಗೆ ಸೇರಿಸಿಕೊಂಡಿದ್ದಾರೆ.’ ಗೈಡಿನಲ್ಲಿ ಹಾಗೇ ಇತ್ತು. ಮನೆಯಲ್ಲಿ ತೆಲುಗು ಮಾತಾಡುವ ಗೆಳತಿ ಪಕ್ಕದಲ್ಲಿ ಕೇಳಿದಳು: ‘ಮನಮಾ, ಮೇಮಾ?’

ತೆಲುಗಿನಲ್ಲಿ ಕೇಳುವವರೂ ಸೇರಿದರೆ ‘ಮನಂ’, ಅವರನ್ನು ಬಿಟ್ಟರೆ ‘ಮೇಮು’. ತಮಿಳಿನಲ್ಲೂ ಹೀಗೆ ಎರಡು ಪದ ಇವೆ. ನಮ್ಮ ಕನ್ನಡದಲ್ಲಿ ಈಗ ಎರಡಕ್ಕೂ ಒಂದೇ ‘ನಾವು’. ಹಾಗಾಗಿ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮೊದಲ ವಾಕ್ಯದ ನಾವು ಅಂದರೆ ಕಟ್ಟಡದವರೆಲ್ಲ. ಎರಡನೆಯದು ಬರೀ ಕಮಿಟಿಯವರು. ಪದ ಬದಲಾಗಲಿಲ್ಲ, ಆದರೆ ಓದುವವನು ಸದ್ದಿಲ್ಲದೆ ಹೊರಗೆ ಬಿದ್ದ. ನೋಟಿಸಿನ ಬಲ ಇರುವುದೇ ಅಲ್ಲಿ: ಹೆಗಲ ಮೇಲಿದ್ದ ಕೈ ಅರ್ಧದಲ್ಲಿ ಕಿವಿ ಹಿಂಡುತ್ತದೆ.

ಇದಕ್ಕೆ ನನ್ನದೊಂದು ಸುಲಭ ಉಪಾಯ. ‘ನಾವು’ ಇರುವ ಕಡೆ ‘ನಾವೂ ನೀವೂ’ ಹಾಕಿ ಜೋರಾಗಿ ಓದಿ. ‘ನಾವೂ ನೀವೂ ನೀರು ಉಳಿಸಬೇಕು’, ಸರಿ. ‘ನಾವೂ ನೀವೂ ಕ್ರಮ ಕೈಗೊಳ್ಳಬೇಕಾಗುತ್ತದೆ’, ನಗು ಬರುತ್ತೆ ಅಲ್ವಾ? ನಗು ಬಂದರೆ ಅಲ್ಲಿ ನೀವು ಹೊರಗಿದ್ದೀರಿ.

‘ಉಳಿಸೋಣ’ ಅಂದರೆ ಈ ಗೊಂದಲ ಕಡಿಮೆ. ‘ಓಣ’ ಬಂತೆಂದರೆ ಸಾಮಾನ್ಯವಾಗಿ ಕೇಳುವವರೂ ಸೇರಿರುತ್ತಾರೆ. ಆದರೂ ಪೂರ್ತಿ ನಂಬಬೇಡಿ. ಡಾಕ್ಟರು ‘ಈ ಮಾತ್ರೆ ತಗೊಳ್ಳೋಣ’ ಅಂದರೆ ನುಂಗುವವರು ನಾವು ಮಾತ್ರ!

ತಿದ್ದಿದ ಮೇಲೆ ನನ್ನ ಸಾಲು: ‘ಮೊದಲ ನಾವು ಹೊಣೆಯನ್ನು ಎಲ್ಲರಿಗೂ ಹಂಚುತ್ತದೆ, ಎರಡನೆಯದು ಅಧಿಕಾರವನ್ನು ಕೆಲವರ ಕೈಯಲ್ಲೇ ಇಡುತ್ತದೆ.’ ಈ ಸಲ ಪೆನ್ಸಿಲ್ ಗೆರೆ ಬರಲಿಲ್ಲ.

ಹೋದ ವಾರ ‘ಸ್ಟೀಲ್ ಫ್ಲೈಓವರ್ ಬೇಡ’ ಅನ್ನೋ ಘೋಷಣೆ ತಗೊಂಡೆವು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಆ ಯೋಜನೆಯ ವಿರುದ್ಧ 2016ರ ಅಕ್ಟೋಬರ್‌ನಲ್ಲಿ ಜನ ಸಾಲಾಗಿ ನಿಂತಿದ್ದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಈ ಘೋಷಣೆಯಲ್ಲಿ ‘ನಾವು’ ಇಲ್ಲವೇ ಇಲ್ಲ. ನನ್ನ ಉಪಾಯ ಕೈಕೊಟ್ಟಿತು. ‘ಯಾರಿಗೆ ಬೇಡ ಅಂತ ಹೇಳದೇ ಇರುವುದರಿಂದ, ಫಲಕ ಹಿಡಿದವರದೆಲ್ಲ ಅದೇ ಮಾತಾಗುತ್ತದೆ’ ಅಂತ ಬರೆದೆ. ಪಕ್ಕದಲ್ಲಿ ಪೆನ್ಸಿಲ್: ‘ಬೇಕು ಅನ್ನುವವರು ಇದನ್ನು ಓದಿದರೆ?’

ಆ ಜಾಗ ಇನ್ನೂ ಖಾಲಿ ಇದೆ.